ಜೋಳವಾಳಿಯೂ ಜನಪ್ರತಿನಿಧಿಯೂ

ಚುನಾವಣೆಗೆ ಮುನ್ನ ಒಂದು ಮಾತು, ಗೆದ್ದ ಬಳಿಕ ಇನ್ನೊಂದು ಮಾತು ಎಂಬ ದೂರು ಈ ದೇಶದಲ್ಲಿ 1952ರ ಮೊದಲ ಮಹಾಚುನಾವಣೆಯಷ್ಟೇ ಹಳೆಯದು. ಕನ್ನಡ ವಿಮರ್ಶೆಯಲ್ಲಿ ಈ ದೂರಿಗೆ 'ಭ್ರಮನಿರಸನ'ವೆಂಬ ಗಂಭೀರವಾದ ಹೆಸರು ದೊರೆತಿದೆ. ನವ್ಯ ಸಾಹಿತ್ಯವನ್ನು ಕುರಿತ ಯಾವ ಪ್ರಬಂಧವನ್ನು ತೆರೆದರೂ ಈ ಪದವು ಎದುರಾಗದೆ ಇರುವುದಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾಡನ್ನು ಕಟ್ಟುವ ಉತ್ಸಾಹದಿಂದ ಹಾಡಿದ ಗೋಪಾಲಕೃಷ್ಣ ಅಡಿಗರು 1954ರ 'ಚಂಡೆಮದ್ದಳೆ'ಯ ವೇಳೆಗೆ ಅದೇ ನಾಡನ್ನು ವ್ಯಂಗ್ಯದ ಕಣ್ಣಿನಿಂದ ಕಾಣತೊಡಗಿದರೆಂಬುದು ಪಠ್ಯಪುಸ್ತಕಗಳಿಗೂ ಇಳಿದಿರುವ ಮಾತು. ಆದರೆ ಪದವೊಂದು ಬಳಕೆಯಿಂದ ಸವೆದಾಗ ಅದರೊಳಗಿನ ಪ್ರಶ್ನೆಯೂ ಸವೆದುಹೋಗುವುದುಂಟು. ಭ್ರಮೆ ಯಾರದು, ಅದು ನಿರಸನವಾದದ್ದು ಯಾವಾಗ, ಯಾರ ಕೈಯಿಂದ ಎಂಬುದನ್ನು ಕೇಳದೆಯೇ ವಿಮರ್ಶೆಯು ಬಹುದೂರ ಸಾಗಿಬಂದಿದೆ.

ಈ ಪ್ರಶ್ನೆಗಳನ್ನು ಮತ್ತೆ ಎತ್ತುವುದಕ್ಕೆ ಯು. ಆರ್. ಅನಂತಮೂರ್ತಿಯವರ 'ಅವಸ್ಥೆ'ಗಿಂತ ಒಳ್ಳೆಯ ಕೃತಿ ಕನ್ನಡದಲ್ಲಿ ಸಿಗಲಾರದು. 1978ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕ ಕೃಷ್ಣಪ್ಪಗೌಡ ದನ ಕಾಯುತ್ತಿದ್ದ ಹುಡುಗ. ಮುಂದೆ ಗೇಣಿದಾರರ ಪರವಾಗಿ ಹೋರಾಡಿ, ಶಾಸನಸಭೆಗೆ ಆರಿಸಿಬಂದು, ಪ್ರತಿಪಕ್ಷದ ಹೆಸರಾಂತ ನಾಯಕನಾದವನು. ಕಾದಂಬರಿ ತೊಡಗುವಾಗ ಅವನಿಗೆ ಐವತ್ತರ ಆಸುಪಾಸು. ಪಾರ್ಶ್ವವಾಯು ಬಡಿದು ದೇಹದ ಅರ್ಧಭಾಗ ಅವನ ಮಾತು ಕೇಳುವುದಿಲ್ಲ. ಮುಖ್ಯಮಂತ್ರಿಯ ಪದವಿ ಕೈಗೆಟುಕುವಷ್ಟು ಸಮೀಪಕ್ಕೆ ಬಂದಿರುವಾಗ ಅವನು ಹಾಸಿಗೆಯಲ್ಲಿದ್ದು ತನ್ನ ಜೀವನವನ್ನು ಮರುಕಳಿಸಿಕೊಳ್ಳುತ್ತಾನೆ.

ಕೃಷ್ಣಪ್ಪಗೌಡನ ಹಿಂದೆ ಶಾಂತವೇರಿ ಗೋಪಾಲಗೌಡರ ನೆರಳಿದೆಯೆಂಬುದು ಎಲ್ಲರೂ ಬಲ್ಲ ವಿಷಯ. ನೆರಳು ಎಂಬ ಮಾತನ್ನು ಇಲ್ಲಿ ಎಚ್ಚರದಿಂದಲೇ ಬಳಸಬೇಕು. ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದಿಂದ ನಾಡಿಗೆ ಪರಿಚಿತರಾದವರು. 1952, 1962, 1967 ಹೀಗೆ ಮೂರು ಬಾರಿ ಶಾಸನಸಭೆಗೆ ಚುನಾಯಿತರಾದವರು. 1972ರ ಜೂನ್ ತಿಂಗಳಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡವರು. ಅವರ ಬಡತನವನ್ನೂ ಪ್ರಾಮಾಣಿಕತೆಯನ್ನೂ ಅವರ ರಾಜಕೀಯ ವಿರೋಧಿಗಳು ಕೂಡ ಒಪ್ಪಿದ್ದರು. ಹೀಗಿರುವಲ್ಲಿ, ಕಾದಂಬರಿಯ ನಾಯಕನು ಪಟ್ಟ ಪಾಡನ್ನೆಲ್ಲ ಅವರ ತಲೆಗೆ ಕಟ್ಟುವುದು ಆ ಹಿರಿಯರಿಗೂ ಅನ್ಯಾಯ, ಕೃತಿಗೂ ಅನ್ಯಾಯ. ಅನಂತಮೂರ್ತಿಯವರು ಎತ್ತಿಕೊಂಡದ್ದು ಒಬ್ಬ ವ್ಯಕ್ತಿಯ ಚರಿತ್ರೆಯನ್ನಲ್ಲ. ಅಂತಹ ವ್ಯಕ್ತಿಯೂ ಸಿಲುಕಿಕೊಳ್ಳಬಹುದಾದ ಸ್ಥಿತಿಯನ್ನು. ಹೆಸರೇ ಅದನ್ನು ಹೇಳುತ್ತದೆ. ಲೇಖಕರು 'ಪತನ'ವೆಂದಾಗಲಿ 'ದ್ರೋಹ'ವೆಂದಾಗಲಿ ಕರೆಯದೆ 'ಅವಸ್ಥೆ'ಯೆಂದು ಕರೆದರು.

ಈ ಸ್ಥಿತಿಯ ಸ್ವರೂಪವೇನು? ಕಾದಂಬರಿಯನ್ನು ಓದಿದವರು ಸಾಮಾನ್ಯವಾಗಿ ಕೊಡುವ ಉತ್ತರ ಎರಡು ಬಗೆಯದು. ಕೃಷ್ಣಪ್ಪನ ಸ್ವಭಾವದಲ್ಲಿಯೇ ದರ್ಪ, ಸಿಟ್ಟು, ಹೆಂಡತಿ ಸೀತೆಯ ಮೇಲಿನ ಕ್ರೌರ್ಯ ಇವೆಲ್ಲ ಇದ್ದುವು, ಅಧಿಕಾರವು ಅವನ್ನು ಹೊರಗೆಡಹಿತು ಎಂಬುದು ಒಂದು. ವ್ಯವಸ್ಥೆಯೇ ಕೆಟ್ಟಿರುವಾಗ ವ್ಯಕ್ತಿ ಉಳಿಯುವುದು ಹೇಗೆ ಎಂಬುದು ಇನ್ನೊಂದು. ಎರಡಕ್ಕೂ ಕೃತಿಯಲ್ಲಿ ಆಧಾರವಿಲ್ಲದೆ ಇಲ್ಲ. ಆದರೆ ಮೊದಲನೆಯದು ಪ್ರಶ್ನೆಯನ್ನು ನೀತಿಶಾಸ್ತ್ರಕ್ಕೂ, ಎರಡನೆಯದು ಅದನ್ನು ಸಮಾಜಶಾಸ್ತ್ರಕ್ಕೂ ಒಪ್ಪಿಸಿ ಕೈ ತೊಳೆದುಕೊಳ್ಳುತ್ತವೆ. ಕಾದಂಬರಿಯ ಹೆಣಿಗೆಯನ್ನು ಗಮನಿಸಿದರೆ ಅದರ ಉದ್ದಕ್ಕೂ ಹರಿದಿರುವ ಎಳೆ ಬೇರೆಯೇ. ಅದು ಋಣ.

ಹಾಸಿಗೆ ಹಿಡಿದ ಕೃಷ್ಣಪ್ಪನನ್ನು ಇನ್ನೊಬ್ಬರು ಎತ್ತಬೇಕು, ಕೂಡಿಸಬೇಕು, ತೊಳೆಯಬೇಕು. ಯಾರಿಗೂ ಬಾಗದೆ ಬಾಳಿದೆನೆಂದು ಹೆಮ್ಮೆಪಡುವವನಿಗೆ ಈಗ ಒಂದು ಲೋಟ ನೀರಿಗೂ ಇನ್ನೊಬ್ಬರ ಕೈ ಬೇಕು. ಅವನ ನೆನಪುಗಳಾದರೂ ಎಂಥವು? ತನಗೆ ಏನನ್ನಾದರೂ ಕೊಟ್ಟವರ ನೆನಪುಗಳೇ ಅವುಗಳಲ್ಲಿ ಹೆಚ್ಚು. ಮರದಡಿಯಲ್ಲಿ ದನ ಮೇಯಿಸುತ್ತಿದ್ದ ಹುಡುಗನನ್ನು ಗುರುತಿಸಿ ಓದಿಗೆ ಹಚ್ಚಿದ ಮಹೇಶ್ವರಯ್ಯ, ರಾಜಕಾರಣದ ದೀಕ್ಷೆ ಕೊಟ್ಟ ಕ್ರಾಂತಿಕಾರಿ ಅಣ್ಣಾಜಿ, ಸ್ನೇಹವಿತ್ತ ಗೌರಿ ದೇಶಪಾಂಡೆ, ಈಗ ಬಳಿಯಲ್ಲಿ ಕುಳಿತು ಮಾತು ಕೇಳುವ ತರುಣ ನಾಗೇಶ, ಮತ್ತು ಬೇಕಾದುದನ್ನೆಲ್ಲ ಬೇಡುವ ಮೊದಲೇ ಒದಗಿಸುವ ವೀರಣ್ಣ. ಈ ಋಣಗಳೆಲ್ಲ ಒಂದೇ ತೂಕದವಲ್ಲ. ಕಾದಂಬರಿಯ ಸೂಕ್ಷ್ಮತೆ ಇರುವುದು ಈ ವ್ಯತ್ಯಾಸದಲ್ಲಿ.

ಮಹೇಶ್ವರಯ್ಯನದು ಮರಳಿ ಕೇಳದ ಕೊಡುಗೆ. ದೇವಿಯ ಉಪಾಸಕನಾದ ಈ ಅಲೆಮಾರಿ ಶ್ರೀಮಂತ ಹುಡುಗನಿಂದ ಕೃತಜ್ಞತೆಯನ್ನೂ ನಿರೀಕ್ಷಿಸುವುದಿಲ್ಲ. ಅವನು ದೊಡ್ಡವನಾಗಲಿ ಎಂಬುದೊಂದೇ ಅವನ ಹಂಬಲ. ಅಣ್ಣಾಜಿಯ ಋಣ ಅದಕ್ಕಿಂತ ಕಠಿಣ. ಅಣ್ಣಾಜಿಯೂ ಬೇರೆಯವರ ಆಸರೆಯಲ್ಲಿ ತಲೆಮರೆಸಿಕೊಂಡು ಬದುಕಿದವನೇ, ದೋಷಗಳಿಲ್ಲದವನೂ ಅಲ್ಲ. ಆದರೆ ಪೊಲೀಸರ ಕೈಯಲ್ಲಿ ಸತ್ತುಹೋದ. ಅವನ ದೆಸೆಯಿಂದ ಕೃಷ್ಣಪ್ಪ ವಾರಂಗಲ್ಲಿನ ಪೊಲೀಸು ಠಾಣೆಯಲ್ಲಿ ಹಿಂಸೆಯನ್ನೂ ಅನುಭವಿಸಿದ. ಸತ್ತವನ ಸಾಲವನ್ನು ತೀರಿಸುವುದೆಲ್ಲಿ? ಬದುಕಿದ್ದರೆ ಅಣ್ಣಾಜಿಯೊಡನೆ ವಾದ ಮಾಡಬಹುದಿತ್ತು, ಭಿನ್ನಾಭಿಪ್ರಾಯ ತಾಳಬಹುದಿತ್ತು, ಅವನೂ ಬದಲಾದನೆಂದು ಸಮಾಧಾನಪಡಬಹುದಿತ್ತು. ಸತ್ತವನು ಬದಲಾಗುವುದಿಲ್ಲ. ಕೃಷ್ಣಪ್ಪನ ಒಳಮನಸ್ಸಿನಲ್ಲಿ ಅವನು ಶಾಶ್ವತ ಸಾಕ್ಷಿಯಾಗಿ ನಿಂತುಬಿಡುತ್ತಾನೆ.

ಗುತ್ತಿಗೆದಾರ ವೀರಣ್ಣನ ಋಣ ಮಾತ್ರ ತೀರಿಸಬಹುದಾದದ್ದು. ಅಪಾಯವಿರುವುದು ಅಲ್ಲಿಯೇ. ವೀರಣ್ಣನನ್ನು ಲೇಖಕರು ಖಳನನ್ನಾಗಿ ಚಿತ್ರಿಸಿಲ್ಲವೆಂಬುದು ಕೃತಿಯ ದೊಡ್ಡ ಗುಣ. ಅವನ ಆದರದಲ್ಲಿ ನಟನೆಯೊಂದೇ ಇಲ್ಲ. ರೋಗಿಗೆ ಆರೈಕೆ ಬೇಕು, ಅದಕ್ಕೆ ಹಣ ಬೇಕು. ಪ್ರಾಮಾಣಿಕನಾದ ಶಾಸಕನ ಬಳಿ ಅದಿಲ್ಲ. ಇದ್ದವನೊಬ್ಬ ಪ್ರೀತಿಯಿಂದ ಕೊಡುತ್ತಾನೆ. ಇದರಲ್ಲಿ ಲಂಚವೆಂದು ಬೆರಳಿಟ್ಟು ತೋರಿಸಬಹುದಾದ ಜಾಗವೆಲ್ಲಿ? ಯಾವ ರಸೀತಿಯೂ ಇಲ್ಲ, ಯಾವ ಷರತ್ತೂ ಇಲ್ಲ, ಯಾವ ಕಡತದ ಮೇಲೂ ರುಜು ಬಿದ್ದಿಲ್ಲ. ಬ್ಯಾಂಕಿನ ಸಾಲಕ್ಕೆ ಅವಧಿಯಿದೆ, ಬಡ್ಡಿಯ ದರವಿದೆ, ಜಾಮೀನಿದೆ. ಕಂತು ಕಟ್ಟಿ ಮುಗಿಸಿದವನು ತಲೆಯೆತ್ತಿ ನಡೆಯಬಹುದು. ಬರಹಕ್ಕೆ ಬಾರದ ಸಾಲಕ್ಕೆ ಇಂತಹ ಮುಕ್ತಾಯವೇ ಇಲ್ಲ. ಕೊಟ್ಟವನು ಎಂದು, ಏನನ್ನು, ಎಷ್ಟನ್ನು ಕೇಳುತ್ತಾನೆಂಬುದು ಕೊಟ್ಟವನಿಗೇ ತಿಳಿದಿರುವುದಿಲ್ಲ. ಕೇಳುವ ದಿನ ಬಂದಾಗ 'ಇಲ್ಲ' ಎನ್ನುವುದು ಅಪ್ರಾಮಾಣಿಕತೆಯಂತೆ, ಕೃತಘ್ನತೆಯಂತೆ ತೋರುತ್ತದೆ. ತತ್ತ್ವವನ್ನು ಬಿಟ್ಟವರೆಲ್ಲ ಒಂದು ಮುಂಜಾನೆ ಎದ್ದು ಬಿಡಲು ನಿಶ್ಚಯಿಸಿದವರಲ್ಲ. ಉಪಕಾರ ಮಾಡಿದವರಿಗೆ ಇಲ್ಲವೆನ್ನಲಾರದೆ ಒಂದೊಂದಾಗಿ ಬಿಟ್ಟವರು. ಮುಖ್ಯಮಂತ್ರಿ ಪದವಿಯ ಆಮಿಷವು ಕೃಷ್ಣಪ್ಪನನ್ನು ಕಾಡುವುದೂ ಅಧಿಕಾರದ ಆಸೆಯೊಂದರಿಂದಲೇ ಅಲ್ಲ. ತನ್ನನ್ನು ನಂಬಿ ಸುತ್ತ ನೆರೆದವರಿಗೆ ತಾನೇನು ಕೊಟ್ಟಂತಾಯಿತು ಎಂಬ ಮುಜುಗರವೂ ಅದರಲ್ಲಿ ಬೆರೆತಿದೆ.

ಈ ಋಣದ ಕಲ್ಪನೆ ಕನ್ನಡಕ್ಕೆ ಹೊಸತಲ್ಲ. ನಮ್ಮ ಶಾಸನಗಳಲ್ಲಿಯೂ ಹಳಗನ್ನಡ ಕಾವ್ಯಗಳಲ್ಲಿಯೂ ಅದಕ್ಕೆ 'ಜೋಳವಾಳಿ' ಅಥವಾ 'ಜೋಳದ ಪಾಳಿ' ಎಂಬ ಹೆಸರಿದೆ. ಉಂಡ ಜೋಳಕ್ಕೆ ಪ್ರತಿಯಾಗಿ ಪ್ರಾಣವನ್ನೇ ತೆರಬೇಕೆಂಬ ಆಳಿನ ಧರ್ಮ ಅದು. ನಾಡಿನ ವೀರಗಲ್ಲುಗಳಲ್ಲಿ ಅದರ ಸಾಕ್ಷ್ಯಗಳು ಹರಡಿಕೊಂಡಿವೆ. ಕ್ರಿ.ಶ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪನ ಕರ್ಣನು ಈ ಧರ್ಮದ ಪರಮೋಚ್ಚ ಮಾದರಿ. ಪಾಂಡವರ ಅಗ್ರಜನೆಂದು ತಿಳಿದ ಮೇಲೂ, ಸಿಂಹಾಸನವೇ ಎದುರಿಗೆ ಬಂದರೂ, ಅವನು ದುರ್ಯೋಧನನ ಅನ್ನಕ್ಕೆ ತಪ್ಪಲಾರ. ನ್ಯಾಯ ಯಾವ ಪಕ್ಷದಲ್ಲಿದೆಯೆಂಬುದು ಅವನಿಗೆ ತಿಳಿಯದ್ದಲ್ಲ. ತಿಳಿದೂ ಅವನು ಕದಲುವುದಿಲ್ಲ, ಅದಕ್ಕಾಗಿಯೇ ಸಹೃದಯನಿಗೆ ಪ್ರಿಯನಾಗುತ್ತಾನೆ. ಅರಿಕೇಸರಿಯ ಆಶ್ರಯದಲ್ಲಿದ್ದ ಕವಿಗೆ ಈ ಧರ್ಮದ ಬೆಲೆಯೂ ಭಾರವೂ ಚೆನ್ನಾಗಿ ಗೊತ್ತಿದ್ದಿರಬೇಕು.

ಕರ್ಣನಿಗೆ ಒಡೆಯನೊಬ್ಬನೇ, ಆದುದರಿಂದ ಅವನ ಜೋಳವಾಳಿ ನಿಷ್ಕಳಂಕ. ಜನಪ್ರತಿನಿಧಿಗೆ ಒಡೆಯರು ಸಾವಿರಾರು ಮಂದಿ, ಅವರಲ್ಲಿ ಮುಕ್ಕಾಲು ಪಾಲು ಅವನ ಮುಖವನ್ನು ಹತ್ತಿರದಿಂದ ಕಂಡವರೂ ಅಲ್ಲ. ಮತ ಹಾಕಿದವನು ದೂರದ ಹಳ್ಳಿಯಲ್ಲಿದ್ದಾನೆ. ಮೋಟಾರು ಕಳುಹಿಸಿದವನು ಬಾಗಿಲಲ್ಲಿಯೇ ನಿಂತಿದ್ದಾನೆ. ಕಣ್ಣೆದುರಿನ ಋಣಕ್ಕೆ ಮುಖವಿದೆ, ಕಾಣದ ಋಣಕ್ಕೆ ಸಂಖ್ಯೆ ಮಾತ್ರ. ಅರಮನೆಯಲ್ಲಿ ಸದ್ಗುಣವಾಗಿದ್ದ ಕರ್ಣತ್ವ ಶಾಸನಸಭೆಗೆ ಬಂದಾಗ ದೋಷವಾಗುವುದು ಹೀಗೆ. ನಮ್ಮ ಜನ ರಾಜಕಾರಣಿಯಲ್ಲಿ ಇಂದಿಗೂ ಮೆಚ್ಚುವ ಗುಣ ಯಾವುದು? 'ನಂಬಿದವರನ್ನು ಕೈಬಿಡುವುದಿಲ್ಲ' ಎಂಬುದು. ಅದೇ ಮಾತನ್ನು ತಿರುವಿ ಹಾಕಿದರೆ ಸ್ವಜನಪಕ್ಷಪಾತದ ದೂರಾಗುತ್ತದೆ. ಕೃಷ್ಣಪ್ಪಗೌಡ ಕನ್ನಡದ ಕಾದಂಬರಿಗೆ ಬಂದ ಚುನಾಯಿತ ಕರ್ಣ. ಅವನ ಸಂಕಟ ಹಳೆಯ ಧರ್ಮವೊಂದು ಹೊಸ ಸಂಸ್ಥೆಯೊಳಗೆ ನುಸುಳಿದ್ದರ ಸಂಕಟ. 1987ರಲ್ಲಿ ಕೃಷ್ಣ ಮಾಸಡಿಯವರು ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದಾಗ ಈ ಪಾತ್ರವನ್ನು ವಹಿಸಿದ ಅನಂತನಾಗ್ ಅವರು ಮುಂದೆ ತಾವೇ ಶಾಸಕರೂ, ಸಮಾಜವಾದಿ ಹಿನ್ನೆಲೆಯ ಜೆ. ಎಚ್. ಪಟೇಲರ ಸಂಪುಟದಲ್ಲಿ ಸಚಿವರೂ ಆದದ್ದು ಕಲೆಗೂ ಜೀವನಕ್ಕೂ ನಡುವೆ ಆಗಾಗ ನಡೆಯುವ ವಿನೋದಗಳಲ್ಲೊಂದು.

ಈ ಸಮಸ್ಯೆ ಕರ್ನಾಟಕಕ್ಕೆ ಸೀಮಿತವಾದದ್ದಲ್ಲವೆಂಬುದಕ್ಕೆ ಪ್ರಮಾಣವನ್ನು ವಡೋದರಾ, ಅಹಮದಾಬಾದುಗಳ ಕನ್ನಡಿಗರು ದೂರ ಹುಡುಕಬೇಕಾಗಿಲ್ಲ. 'ಗರೀಬಿ ಹಟಾವೋ' ಘೋಷಣೆಯ ಅಲೆಯ ಮೇಲೆ 1972ರಲ್ಲಿ ಗುಜರಾತಿನ ವಿಧಾನಸಭೆಗೆ ಕಾಂಗ್ರೆಸ್ಸು ಭಾರಿ ಬಹುಮತದಿಂದ ಬಂದಿತು. ಮರುವರ್ಷ ಚಿಮನಭಾಯಿ ಪಟೇಲರು ಮುಖ್ಯಮಂತ್ರಿಯಾದರು. ಅವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿದೆಸೆಯಲ್ಲಿ ಇಲ್ಲಿಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಸಂಘದ ಮುಖಂಡರಾಗಿದ್ದವರು. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್. ಡಿ. ಇಂಜಿನಿಯರಿಂಗ್ ಕಾಲೇಜಿನ ಊಟದ ವೆಚ್ಚ ಏರಿದಾಗ ಎದ್ದ ವಿದ್ಯಾರ್ಥಿಗಳ ಸಿಟ್ಟು ನವನಿರ್ಮಾಣ ಚಳವಳಿಯಾಗಿ ಬೆಳೆದು, 1974ರ ಫೆಬ್ರವರಿಯಲ್ಲಿ ಅವರ ರಾಜೀನಾಮೆಯನ್ನೂ ಮಾರ್ಚಿನಲ್ಲಿ ವಿಧಾನಸಭೆಯ ವಿಸರ್ಜನೆಯನ್ನೂ ತಂದಿತು. ವಿದ್ಯಾರ್ಥಿಗಳ ನಾಯಕನಾಗಿದ್ದವರನ್ನು ವಿದ್ಯಾರ್ಥಿಗಳೇ ಇಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ಇದು ನೀತಿಕಥೆಯಾಗುತ್ತಿತ್ತು. ಚಳವಳಿಯ ಫಲವಾಗಿ 1975ರ ಜೂನಿನಲ್ಲಿ ಚುನಾವಣೆ ನಡೆದು ಬಾಬುಭಾಯಿ ಜಶಭಾಯಿ ಪಟೇಲರ ಜನತಾ ಮೋರ್ಚಾ ಸರಕಾರ ಬಂದಿತು. ಬಹುಮತ ಸಾಲದೆ ಅದು ಯಾರ ಬೆಂಬಲದ ಮೇಲೆ ನಿಲ್ಲಬೇಕಾಯಿತು? ಅದೇ ಚಿಮನಭಾಯಿಯವರು ಕಟ್ಟಿದ ಕಿಸಾನ್ ಮಜದೂರ್ ಲೋಕ ಪಕ್ಷದ ಬೆಂಬಲದ ಮೇಲೆ. ಯಾರನ್ನು ಇಳಿಸುವುದಕ್ಕಾಗಿ ಬೀದಿಗಳು ತುಂಬಿದ್ದುವೋ ಅವರ ಜೋಳವಾಳಿಗೆ ಹೊಸ ಸರಕಾರ ಮೊದಲ ದಿನವೇ ಒಳಗಾಯಿತು. ಮುಂದೆ 1990ರಲ್ಲಿ ಚಿಮನಭಾಯಿಯವರು ಜನತಾದಳದ ನಾಯಕರಾಗಿ ಮತ್ತೆ ಮುಖ್ಯಮಂತ್ರಿಯಾದರು, ಬಳಿಕ ಕಾಂಗ್ರೆಸ್ಸನ್ನು ಕೂಡಿಕೊಂಡರು, 1994ರಲ್ಲಿ ಅಧಿಕಾರದಲ್ಲಿರುವಾಗಲೇ ನಿಧನರಾದರು. ಅವರನ್ನು ಮತ್ತೆ ಆರಿಸಿದವರು ಗುಜರಾತಿನ ಮತದಾರರೇ. ಅವರಿಗೆ ಭ್ರಮೆ ನಿರಸನವಾಗಿರಲಿಲ್ಲವೆನ್ನಬೇಕೋ, ಮೊದಲಿನಿಂದಲೂ ಭ್ರಮೆಯೇ ಇರಲಿಲ್ಲವೆನ್ನಬೇಕೋ?

ಇದೇ ಗುಜರಾತು ಇಂದುಲಾಲ ಯಾಜ್ಞಿಕರನ್ನೂ ಕಂಡಿದೆ. ಮಹಾಗುಜರಾತ ಚಳವಳಿಯ ಮುಂದಾಳಾದ ಅವರು 1957ರಲ್ಲಿ ಅಹಮದಾಬಾದಿನಿಂದ ಲೋಕಸಭೆಗೆ ಆರಿಸಿಹೋಗಿ, 1972ರ ಜುಲೈಯಲ್ಲಿ ತೀರಿಕೊಳ್ಳುವವರೆಗೂ ಸಂಸತ್ಸದಸ್ಯರಾಗಿದ್ದರು. ಕೊನೆಯವರೆಗೂ ಸನ್ಯಾಸಿಯಂತೆ ಬಾಳಿದರೆಂಬುದು ಅವರ ಖ್ಯಾತಿ. ಶಾಂತವೇರಿಯವರಿಗೂ ಅವರಿಗೂ ಸಾವಿನ ನಡುವೆ ಒಂದು ತಿಂಗಳಿಗಿಂತ ತುಸು ಹೆಚ್ಚಿನ ಅಂತರವಷ್ಟೇ. ಯಾಜ್ಞಿಕರು ತಮ್ಮ ಕಥೆಯನ್ನು ತಾವೇ ಹಲವು ಸಂಪುಟಗಳ ಆತ್ಮಕಥೆಯಾಗಿ ಬರೆದಿಟ್ಟರು. ಗುಜರಾತಿ ಓದುಗನ ಮುಂದೆ ಅಂಥವನೊಬ್ಬನ ಸ್ವಂತ ಲೆಕ್ಕವಿದೆ. ಕನ್ನಡ ಓದುಗನ ಮುಂದೆ ಕಾದಂಬರಿಕಾರನು ಕಲ್ಪಿಸಿಕೊಂಡ ಲೆಕ್ಕವಿದೆ. ಕಲ್ಪನೆಯ ಲೆಕ್ಕ ಹೆಚ್ಚು ಆಳಕ್ಕೆ ಇಳಿದಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಒಂದು ಬಾಬು ಬಿಟ್ಟುಹೋಗಿದೆ.

ಆ ಬಾಬು ಕಾಗೋಡಿನದು. ಸಾಗರದ ಸಮೀಪದ ಆ ಹಳ್ಳಿಯಲ್ಲಿ 1951ರಲ್ಲಿ ಜಗಳ ಹುಟ್ಟಿದ್ದು ಸಿದ್ಧಾಂತದಿಂದಲ್ಲ, ಕೊಳಗದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದು. ಅದನ್ನು ಸರಿಪಡಿಸಿರೆಂದು ಒಕ್ಕಲುಗಳು ಕೇಳಿದರು, ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷ ಬಂದದ್ದೂ, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದೂ ಆಮೇಲೆ. 'ಅವಸ್ಥೆ'ಯಲ್ಲಿಯೂ ಗೇಣಿದಾರರ ಹೋರಾಟ ಬರುತ್ತದೆ, ನಿಜ. ಆದರೆ ಅದು ಬರುವುದು ಕೃಷ್ಣಪ್ಪನ ಏಳಿಗೆಯ ಮೆಟ್ಟಿಲಾಗಿ. ಮೆಟ್ಟಿಲು ಹತ್ತಿದವನ ಆತ್ಮದಲ್ಲಿ ಏನೇನಾಯಿತೆಂಬುದನ್ನು ಕಾದಂಬರಿ ಪುಟಪುಟಗಳಲ್ಲಿ ಬಿಡಿಸುತ್ತದೆ. ಆ ಒಕ್ಕಲುಗಳಿಗೆ ಕಡೆಗೆ ಭೂಮಿ ಸಿಕ್ಕಿತೇ ಎಂಬ ಪ್ರಶ್ನೆ ಅದರ ಮನಸ್ಸನ್ನು ಅಷ್ಟಾಗಿ ಕಾಡಿದಂತೆ ತೋರುವುದಿಲ್ಲ.

ಚರಿತ್ರೆಯಲ್ಲಿ ಆ ಪ್ರಶ್ನೆಗೆ ಉತ್ತರವುಂಟು, ಅದೂ ವಿಲಕ್ಷಣವಾದದ್ದು. 1961ರ ಭೂಸುಧಾರಣೆಯ ಕಾಯಿದೆ ಹೆಚ್ಚೇನನ್ನೂ ಸಾಧಿಸಲಿಲ್ಲ. ಸಮಾಜವಾದಿಗಳು ಇಪ್ಪತ್ತು ವರ್ಷ ಕೂಗಿದ 'ಉಳುವವನೇ ಹೊಲದೊಡೆಯ'ನೆಂಬ ಘೋಷಣೆಯನ್ನು ಕಾನೂನಾಗಿಸಿದವರು ಅವರು ಎದುರಿಸುತ್ತ ಬಂದ ಕಾಂಗ್ರೆಸ್ಸಿನ ಮುಖ್ಯಮಂತ್ರಿ ದೇವರಾಜ ಅರಸರು. ಅವರ ಕಾಲದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಯಿತು. ಗೇಣಿದಾರನು 7ನೆಯ ನಮೂನೆಯ ಅರ್ಜಿ ಕೊಟ್ಟು ಹಕ್ಕನ್ನು ಪಡೆಯಬಹುದಾಯಿತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದರಿಂದ ಆದ ಬದಲಾವಣೆ ಸಾಮಾನ್ಯವಾದದ್ದಲ್ಲ. ಅರಸರ ಆಡಳಿತದ ಮೇಲೆ ಬಂದ ಆರೋಪಗಳೂ ಪ್ರಸಿದ್ಧವೇ. ತತ್ತ್ವಶುದ್ಧಿಯ ತಕ್ಕಡಿಯಲ್ಲಿ ಶಾಂತವೇರಿಯವರ ಪಕ್ಕದಲ್ಲಿ ಅವರನ್ನು ಯಾರೂ ಇಡಲಾರರು; ಆದರೂ ಕಾಗೋಡಿನ ಸಾಲ ತೀರಿದ್ದು ಅವರ ಕೈಯಿಂದ. 'ಅವಸ್ಥೆ' ಪ್ರಕಟವಾಗುವಾಗ ಈ ಕಾಯಿದೆ ಜಾರಿಗೆ ಬಂದು ನಾಲ್ಕು ವರ್ಷ ಕಳೆದಿದ್ದುವು.

1983ರ ಬಳಿಕದ ಚರಿತ್ರೆಯೂ ಇಷ್ಟೇ ಗೊಂದಲದ್ದು. ರಾಮಕೃಷ್ಣ ಹೆಗಡೆಯವರ ಸರಕಾರ ಮೌಲ್ಯಾಧಾರಿತ ರಾಜಕಾರಣದ ಹೆಸರಿನಲ್ಲಿ ಬಂದು, 1986ರಲ್ಲಿ ಸಾರಾಯಿ ಬಾಟಲಿಯ ಗುತ್ತಿಗೆಯ ವಿವಾದವನ್ನು ಕಂಡು, 1988ರಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ಮುಗಿಯಿತು. ಅದೇ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಹಳ್ಳಿಗಳಿಗೆ ಕೊಳವೆಬಾವಿಗಳನ್ನೂ ಜಿಲ್ಲಾ ಪರಿಷತ್ತುಗಳನ್ನೂ ಕೊಟ್ಟರು. ನಿರಾಶೆಯ ಲೆಕ್ಕ ಬರೆಯುವವರು ಮೊದಲನೆಯ ಪುಟವನ್ನು ಮಾತ್ರ ತುಂಬಿಸಿದ್ದಾರೆ.

ಹಾಗಾದರೆ ಭ್ರಮೆ ಯಾರದಾಗಿತ್ತು? ಸರಿಯಾದ ಕೊಳಗವನ್ನು ಕೇಳಿದವನದಂತೂ ಅಲ್ಲ. ಅವನು ಕೇಳಿದ್ದು ಅಳತೆಯನ್ನು, ಆದರ್ಶಪುರುಷನನ್ನಲ್ಲ. ಆದರ್ಶಪುರುಷನು ಬೇಕಾಗಿದ್ದದ್ದು ಓದಿದ ವರ್ಗಕ್ಕೆ. ಈ ವರ್ಗದಲ್ಲಿಯೂ ಹೊರನಾಡಿನ ಕನ್ನಡಿಗರ ಸ್ಥಿತಿ ವಿಶೇಷವಾಗಿ ವಿಚಾರಾರ್ಹ. ಗೋರ್ವಾದಲ್ಲಿಯೋ, ಅಹಮದಾಬಾದಿನಲ್ಲಿಯೋ, ಸೂರತ್ತಿನಲ್ಲಿಯೋ ನೆಲೆಸಿದವನಿಗೆ ಕರ್ನಾಟಕದಲ್ಲಿ ಮತವಿಲ್ಲ. ಮತವಿರುವ ಗುಜರಾತಿನ ರಾಜಕಾರಣ ತನ್ನದಲ್ಲವೆಂಬ ಭಾವನೆ ಅವನಿಗಿದೆ. ಹೀಗಾಗಿ ಕೃಷ್ಣಪ್ಪಗೌಡನ ಕಥೆಯನ್ನು ಓದಿ 'ರಾಜಕಾರಣವೇ ಇಷ್ಟು' ಎಂದು ನಿಟ್ಟುಸಿರಿಡುವುದಕ್ಕೆ ಅವನು ಏನನ್ನೂ ತೆರಬೇಕಾಗಿಲ್ಲ. ಇನ್ನೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕರಾವಳಿಯಿಂದಲೂ ಮಲೆನಾಡಿನಿಂದಲೂ ಬ್ಯಾಂಕು, ವಿಮೆ, ಕಾರಖಾನೆಗಳ ಉದ್ಯೋಗ ಹಿಡಿದು ಹೊರಬಂದವರಲ್ಲಿ 1974ರಲ್ಲಿ ಗೇಣಿಭೂಮಿಯನ್ನು ಕಳೆದುಕೊಂಡ ಮನೆತನಗಳ ಮಕ್ಕಳು ಕಡಿಮೆಯಿಲ್ಲ. ಭೂಮಿ ಹೋದದ್ದೇ ಹಲವರಿಗೆ ಊರು ಬಿಡುವ ಕಾರಣವಾಯಿತು. ಪ್ರಗತಿಪರರು ಗೆದ್ದ ಮೇಲೆ ಮಾತು ಮರೆತರೆಂದು ಮರುಗುವ ಕಂಠದಲ್ಲಿಯೇ, ಒಮ್ಮೆ ಆ ಮಾತು ನಡೆದುಹೋದದ್ದರ ನೋವೂ ಸೇರಿಕೊಂಡಿರುತ್ತದೆ. ಎರಡನ್ನೂ ಒಂದೇ 'ಭ್ರಮನಿರಸನ'ದ ಪೆಟ್ಟಿಗೆಯಲ್ಲಿ ತುಂಬಿಡುವುದು ಅನುಕೂಲಕರ. ವಿಮರ್ಶೆಗೆ ಮಾತ್ರ ಅದು ಸಲ್ಲದು.

ಕಾದಂಬರಿಯ ಗುಣವನ್ನು ಇದರಿಂದ ಕಡಮೆ ಮಾಡಿದಂತಾಗಲಿಲ್ಲ. ತತ್ತ್ವ ಜಾರುವ ಬಗೆಯನ್ನು, ಉಪಕಾರದ ಮೃದುವಾದ ಹಗ್ಗ ಮನುಷ್ಯನನ್ನು ಬಿಗಿಯುವ ಕ್ರಮವನ್ನು ಅನಂತಮೂರ್ತಿಯವರಷ್ಟು ನಿರ್ದಯವಾಗಿ, ಅಷ್ಟೇ ಮರುಕದಿಂದ ಕಂಡ ಕನ್ನಡ ಲೇಖಕರು ವಿರಳ. ಆದರೆ ಅವರು ದೀಪ ಹಿಡಿದದ್ದು ರೋಗಿಯ ಕೋಣೆಯಲ್ಲಿ. 1974ರ ಬಳಿಕ ತಾಲ್ಲೂಕಿನ ಊರುಗಳಲ್ಲಿ ಇನ್ನೊಂದು ಬಗೆಯ ಕೋಣೆ ತೆರೆದಿತ್ತು. ಭೂನ್ಯಾಯಮಂಡಳಿಗಳು ಕೂಡುತ್ತಿದ್ದ ಆ ಕೋಣೆಯಲ್ಲಿ ಸರಕಾರಿ ಅಧಿಕಾರಿಯ ಪಕ್ಕದಲ್ಲಿ ನಾಮಕರಣಗೊಂಡ ಸದಸ್ಯರು, ಹಲವೆಡೆ ಸ್ಥಳದ ಶಾಸಕರೇ, ಕುಳಿತಿರುತ್ತಿದ್ದರು. ವಕೀಲರಿಗೆ ಮೊದಮೊದಲು ಅಲ್ಲಿ ಪ್ರವೇಶವಿರಲಿಲ್ಲ. ತಲೆಮಾರುಗಳಿಂದ ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಕೈಕಟ್ಟಿ ನಿಂತಿದ್ದ ಒಡೆಯನೂ ಒಕ್ಕಲೂ ಒಂದೇ ಮ���ಜಿನ ಎದುರು ನಿಂತು, ಗೇಣಿಯ ಚೀಟಿಯೋ ನೆರೆಯವರ ಸಾಕ್ಷಿಯೋ ಹಿಡಿದು ವಾದಿಸಬೇಕಾಗಿತ್ತು. ಮೇಜಿನಾಚೆ ಕುಳಿತ ಶಾಸಕನಿಗೆ ಇಬ್ಬರ ಋಣವೂ ಇತ್ತು: ಒಬ್ಬನ ಮತ, ಇನ್ನೊಬ್ಬನ ಮನೆಯ ಊಟ. ಆ ಮಧ್ಯಾಹ್ನ ಅವನು ಯಾವ ಕಡೆಗೆ ರುಜು ಹಾಕಿದ ಎಂಬುದನ್ನು ತಿಳಿಯಲು 'ಅವಸ್ಥೆ'ಯ ಓದುಗನು ಕಂದಾಯ ಇಲಾಖೆಯ ಕಡತಗಳನ್ನು ಹುಡುಕಬೇಕಾಗುತ್ತದೆ.